ಕಾಳುಮೆಣಸು, ಅರಿಶಿನ, ಆಂಟಿಬಯೋಟಿಕ್: ಒಟ್ಟಿಗೆ ತಗೊಂಡರೆ ಏನಾಗುತ್ತೆ?

ಹೋದ ತಿಂಗಳು ಈ ಅಂಕಣದಲ್ಲಿ ಆಂಟಿಬಯೋಟಿಕ್ ಮಾತ್ರೆಗಳು ಯಾಕೆ ಮೊದಲಿನ ಹಾಗೆ ನಾಟುತ್ತಿಲ್ಲ ಅಂತ ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೇಳಿದ್ದು ಒಂದೇ ಮಾತು: ಮಾತ್ರೆ ಒಂದೇ ಕೈಲಾಗದಿದ್ದರೆ ನಮ್ಮ ಗಿಡಮೂಲಿಕೆ ಜೊತೆಗೆ ಸೇರಿಸಿದರೆ ಆಗಲ್ವಾ? ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಇಪ್ಪತ್ತೆಂಟು ವರ್ಷ ದಾವಣಗೆರೆಯಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಪಾಠ ಮಾಡಿದವಳು ನಾನು, ಡಾಕ್ಟರಲ್ಲ. ನಿಮ್ಮ ಔಷಧಿ ಬದಲಾಯಿಸುವ ಮಾತು ಬಂದರೆ ಅದು ನಿಮ್ಮ ಡಾಕ್ಟರ ಹತ್ತಿರವೇ ಆಗಬೇಕು.

ಪ್ರಶ್ನೆ: ಮೇಡಂ, ನಮಸ್ಕಾರ. ಉರಿಮೂತ್ರ ಆಗಿ ಡಾಕ್ಟರು ಸಿಪ್ರೋಫ್ಲಾಕ್ಸಾಸಿನ್ ಬರೆದುಕೊಟ್ಟಿದ್ದಾರೆ. ನಮ್ಮ ಅತ್ತೆಯವರು ಆ ಮಾತ್ರೆಯನ್ನು ಬಿಸಿ ಅರಿಶಿನ ಹಾಲಲ್ಲಿ, ಒಂದು ಚಿಟಿಕೆ ಮೆಣಸಿನ ಪುಡಿ ಹಾಕಿಕೊಂಡು ತಗೋ ಅಂತಾರೆ. ವಾಟ್ಸಾಪಿನಲ್ಲಿ ಬಂದ ಮೆಸೇಜಲ್ಲೂ ಹಾಗೇ ಇತ್ತು, ಮಾತ್ರೆ ಶಕ್ತಿ ಡಬಲ್ ಆಗುತ್ತಂತೆ. ತಗೋಬಹುದಾ?
(ಓದುಗರು, ನಿಟ್ಟುವಳ್ಳಿ, ದಾವಣಗೆರೆ)

ಉತ್ತರ: ಬೇಡಮ್ಮ. ಮಾತ್ರೆಯನ್ನು ನೀರಲ್ಲೇ ತಗೊಳ್ಳಿ.

ಮೊದಲು ಹಾಲಿನ ವಿಷಯ. ಹಾಲಲ್ಲಿ ಕ್ಯಾಲ್ಸಿಯಂ ಇದೆ. ಅದು ಸಿಪ್ರೋಫ್ಲಾಕ್ಸಾಸಿನ್ನನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಕಟ್ಟಿಹಾಕಿದ ಔಷಧಿ ರಕ್ತಕ್ಕೆ ಸೇರಲ್ಲ. ಶಕ್ತಿ ಡಬಲ್ ಆಗುವುದಿರಲಿ, ಕೊಟ್ಟ ಡೋಸೇ ಪೂರ್ತಿ ಸಿಗುವುದಿಲ್ಲ. ಮೊಸರು, ಕಬ್ಬಿಣದ ಮಾತ್ರೆ, ಗ್ಯಾಸ್ ಆಗಿದೆ ಅಂತ ಕುಡಿಯುವ ಆಂಟಾಸಿಡ್ ಔಷಧಿ, ಇವೆಲ್ಲ ಮಾಡುವುದೂ ಇದೇ ಕೆಲಸ. ಹಾಲು ಕುಡಿಯಲೇಬೇಕು ಅನ್ನಿಸಿದರೆ ಮಾತ್ರೆ ತಗೊಂಡು ಕನಿಷ್ಠ ಎರಡು ಗಂಟೆ ಬಿಟ್ಟು ಕುಡಿಯಿರಿ. ಕಬ್ಬಿಣದ ಮಾತ್ರೆ, ಆಂಟಾಸಿಡ್ ಇನ್ನೂ ಜಾಸ್ತಿ ಹೊತ್ತು ದೂರ ಇರಬೇಕು. ಅವನ್ನು ಮೊದಲೇ ತಗೊಂಡಿದ್ದರೆ ಸಿಪ್ರೋಫ್ಲಾಕ್ಸಾಸಿನ್‌ಗೆ ಆರು ಗಂಟೆ ಕಾಯಬೇಕಾಗುತ್ತದೆ.

ಇನ್ನು ಅರಿಶಿನ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಅರಿಶಿನದ ಮುಖ್ಯ ಅಂಶ ಕರ್ಕ್ಯುಮಿನ್. ಕೀವು ಮಾಡುವ ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಮೇಲೆ ಅದು ಕೆಲವು ಆಂಟಿಬಯೋಟಿಕ್‌ಗಳ ಜೊತೆ ಸೇರಿ ಒಳ್ಳೆ ಕೆಲಸ ಮಾಡಿದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ಅವರು ತಗೊಂಡಿದ್ದು ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ, ಜೊತೆಗೆ ನೀವು ಹೇಳಿದ ಅದೇ ಸಿಪ್ರೋಫ್ಲಾಕ್ಸಾಸಿನ್. ಕರ್ಕ್ಯುಮಿನ್ ಸೇರಿಸಿದಾಗ ಔಷಧಿ ಕೊಲ್ಲುವ ಬಲ ಕಮ್ಮಿಯಾಯಿತು! ಅದೇ ಅರಿಶಿನ, ಒಂದು ಬ್ಯಾಕ್ಟೀರಿಯಾ ಹತ್ತಿರ ನಮ್ಮ ಕಡೆ, ಇನ್ನೊಂದರ ಹತ್ತಿರ ಅದರ ಕಡೆ. ಈ ವಿಷಯದಲ್ಲಿ ನಾನು ಎಲ್ಲರಿಗೂ ಹೇಳಬೇಕಾದ್ದು ಏನಾದರೂ ಇದ್ದರೆ ಇದೇ: ಯಾವ ಗಿಡದ ಅಂಶ, ಯಾವ ಔಷಧಿ ಜೊತೆ, ಯಾವ ಬ್ಯಾಕ್ಟೀರಿಯಾ ಮೇಲೆ, ಎಷ್ಟು ಪ್ರಮಾಣದಲ್ಲಿ. ಈ ನಾಲ್ಕೂ ಗೊತ್ತಾಗದೆ "ಒಳ್ಳೇದು" ಅಂತಲೂ ಹೇಳಕ್ಕಾಗಲ್ಲ, "ಕೆಟ್ಟದ್ದು" ಅಂತಲೂ ಹೇಳಕ್ಕಾಗಲ್ಲ.

ಹೆದರಬೇಡಿ, ಸಾರಿಗೆ ಹಾಕುವ ಅರಿಶಿನ ಬಿಡಬೇಕಾಗಿಲ್ಲ. ಪ್ರಮಾಣ ಎಷ್ಟು ಅಂತ ಲೆಕ್ಕ ಹಾಕಿ. ಮೆಸೇಜಿನಲ್ಲಿ ಮೆಣಸು ಬಂದಿದ್ದು ಎಲ್ಲಿಂದ ಅಂತ ನನಗೆ ಗೊತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು 1998ರಲ್ಲಿ ತೋರಿಸಿದ್ದರು: 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ಮನುಷ್ಯರ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇ. 2000ರಷ್ಟು ಏರುತ್ತದೆ ಅಂತ. ನಿಜವಾದ, ಒಳ್ಳೆಯ ಕೆಲಸ. ಆದರೆ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಹೆಚ್ಚುಕಮ್ಮಿ ನೂರಕ್ಕೆ ಮೂರು ಭಾಗ. 2 ಗ್ರಾಂ ಬೇಕು ಅಂದರೆ ಅರವತ್ತು ಎಪ್ಪತ್ತು ಗ್ರಾಂ ಅರಿಶಿನ ತಿನ್ನಬೇಕು. ಹಾಲಿಗೆ ಹಾಕುವುದು ಕಾಲು ಚಮಚ. ಅಷ್ಟಕ್ಕೂ ಆ ಪ್ರಯೋಗದಲ್ಲಿ ಆಂಟಿಬಯೋಟಿಕ್ ಇರಲೇ ಇಲ್ಲ. ಮೆಸೇಜ್ ಬರೆದವರು ಎರಡು ಬೇರೆ ವಿಷಯ ತಗೊಂಡು ಗಂಟು ಹಾಕಿದ್ದಾರೆ.

ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ. ಅವರ ಪ್ರೀತಿ ದೊಡ್ಡದು. ಕೋರ್ಸ್ ಮುಗಿದ ಮೇಲೆ ಅರಿಶಿನ ಹಾಲು ಕುಡಿಯುತ್ತೇನೆ ಅಂತ ಮಾತು ಕೊಡಿ.

ಪ್ರಶ್ನೆ: ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ಸುಳ್ಳಲ್ಲ. ನಮ್ಮ ಜೋಗಿಮಟ್ಟಿ ಕಾಡಿನಲ್ಲಿ ಎಷ್ಟೊಂದು ಔಷಧಿ ಗಿಡಗಳಿವೆ. ಇಂಗ್ಲಿಷ್ ಔಷಧಿಯವರು ಇವನ್ನೆಲ್ಲ ಯಾಕೆ ಕಡೆಗಣಿಸಿದ್ದಾರೆ? ಗಿಡದ ರಸ ಬ್ಯಾಕ್ಟೀರಿಯಾ ಕೊಲ್ಲುತ್ತೆ ಅಂತಾದರೆ ಆಂಟಿಬಯೋಟಿಕ್ ಯಾಕೆ ಬೇಕು?
(ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಉತ್ತರ: ಮೇಷ್ಟ್ರೇ, ಕಡೆಗಣಿಸಿಲ್ಲ. ಆದರೆ ಹುಡುಕಿದವರಿಗೆ ಸಿಕ್ಕಿದ್ದು ನೀವು ಅಂದುಕೊಂಡದ್ದಕ್ಕಿಂತ ಬೇರೆ, ನನ್ನ ಪ್ರಕಾರ ಅದಕ್ಕಿಂತ ಚೆಂದ.

ಹೆಚ್ಚಿನ ಗಿಡಗಳ ಅಂಶ ಬ್ಯಾಕ್ಟೀರಿಯಾವನ್ನು ನೇರವಾಗಿ ಕೊಲ್ಲುವುದರಲ್ಲಿ ಬಡವು. ಪೆನಿಸಿಲಿನ್ ಒಂದು ಹನಿಯಲ್ಲಿ ಮಾಡುವ ಕೆಲಸಕ್ಕೆ ಇವು ಲೋಟಗಟ್ಟಲೆ ಬೇಕಾಗುತ್ತವೆ. ಹಾಗಾದರೆ ಗಿಡ ತನ್ನನ್ನು ಕಾಪಾಡಿಕೊಳ್ಳುವುದು ಹೇಗೆ? ಅದಕ್ಕೆ ಉತ್ತರ 2000ನೇ ಇಸವಿಯಲ್ಲಿ ಅಮೆರಿಕದ ವಿಜ್ಞಾನಿಗಳಿಗೆ ಬರ್ಬೆರಿಸ್ ಜಾತಿಯ ಒಂದು ಪೊದೆಯಲ್ಲಿ ಸಿಕ್ಕಿತು. ಆ ಜಾತಿಯ ಗಿಡಗಳಲ್ಲಿ ಬರ್ಬರಿನ್ ಅನ್ನುವ ಹಳದಿ ಅಂಶ ಇರುತ್ತದೆ. ನಮ್ಮ ಮರದರಿಶಿನಕ್ಕೆ ಆ ಹಳದಿ ಬಣ್ಣ ಬರುವುದೂ ಅದರಿಂದಲೇ. ಬರ್ಬರಿನ್ ಒಂದನ್ನೇ ಸ್ಟೆಫೈಲೊಕಾಕಸ್ ಮೇಲೆ ಹಾಕಿದರೆ ಅಷ್ಟೇನೂ ಆಗುವುದಿಲ್ಲ. ಯಾಕೆಂದರೆ ಬ್ಯಾಕ್ಟೀರಿಯಾ ಅದನ್ನು ಒಳಗೆ ಬಂದ ಹಾಗೇ ಹೊರಗೆ ದಬ್ಬುತ್ತದೆ.

ನಿಮ್ಮ ಕಡೆ ಬಾವಿ ತೋಡುವುದನ್ನು ನೋಡಿರುತ್ತೀರಿ. ಒರತೆ ಒಡೆದ ಮೇಲೆ ಕೆಳಗೆ ಕೆಲಸ ಮಾಡುವವರು ಮುಳುಗಬಾರದು ಅಂತ ಮೇಲೆ ಮೋಟರ್ ಇಟ್ಟು ನೀರು ಎತ್ತುತ್ತಲೇ ಇರುತ್ತಾರೆ. ಮೋಟರ್ ಓಡುವವರೆಗೂ ಬಾವಿ ತುಂಬಲ್ಲ. ಬ್ಯಾಕ್ಟೀರಿಯಾದ ಮೈಗೋಡೆಯಲ್ಲೂ ಇಂಥ ಮೋಟರುಗಳಿವೆ. ಸ್ಟೆಫೈಲೊಕಾಕಸ್‌ನಲ್ಲಿ ಇರುವ ಒಂದಕ್ಕೆ ನಾರ್-ಎ ಅಂತ ಹೆಸರು. ಬರ್ಬರಿನ್ ಇರಲಿ, ಸಿಪ್ರೋಫ್ಲಾಕ್ಸಾಸಿನ್ ಇರಲಿ, ಒಳಗೆ ಬಂದದ್ದನ್ನು ಎತ್ತಿ ಎತ್ತಿ ಹೊರಗೆ ಚೆಲ್ಲುತ್ತದೆ. ಆ ಪೊದೆ ಏನು ಮಾಡಿತ್ತು ಗೊತ್ತಾ? ಬರ್ಬರಿನ್ ಜೊತೆಗೆ ಇನ್ನೊಂದು ಅಂಶವನ್ನೂ ತಯಾರಿಸಿ ಇಟ್ಟುಕೊಂಡಿತ್ತು. ಆ ಎರಡನೆಯದು ಯಾರನ್ನೂ ಕೊಲ್ಲಲ್ಲ. ಮೋಟರಿಗೆ ಕರೆಂಟ್ ತೆಗೆದ ಹಾಗೆ ನಾರ್-ಎ ಪಂಪನ್ನು ನಿಲ್ಲಿಸುತ್ತದೆ, ಅಷ್ಟೇ. ಪಂಪ್ ನಿಂತಿತು, ಬರ್ಬರಿನ್ ಒಳಗೆ ತುಂಬಿತು, ಬ್ಯಾಕ್ಟೀರಿಯಾ ಸತ್ತಿತು. ಒಂದೇ ಗಿಡದಲ್ಲಿ ಕೊಲ್ಲುವುದೂ ಇದೆ, ಅದಕ್ಕೆ ದಾರಿ ಮಾಡಿಕೊಡುವುದೂ ಇದೆ. ಇದನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬಂದಿರಲಿಲ್ಲ, ನಮ್ಮಮ್ಮ ಕಷಾಯಕ್ಕೆ ನಾಲ್ಕಾರು ಬೇರು ಸೇರಿಸಿಯೇ ಕುದಿಸುತ್ತಿದ್ದದ್ದು ನೆನಪಾಗುತ್ತಾ ಇತ್ತು.

ನಮ್ಮ ದೇಶದಲ್ಲೂ ಇದೇ ದಾರಿಯಲ್ಲಿ ಕೆಲಸ ಆಗಿದೆ. ಜಮ್ಮುವಿನ ಸರ್ಕಾರಿ ಸಂಶೋಧನಾಲಯದವರು 2006ರಲ್ಲಿ ಪೈಪರಿನ್ ಕೂಡ ಸ್ಟೆಫೈಲೊಕಾಕಸ್ ಮೇಲೆ ಸಿಪ್ರೋಫ್ಲಾಕ್ಸಾಸಿನ್‌ಗೆ ಬಲ ತುಂಬುತ್ತದೆ ಅಂತ ತೋರಿಸಿದರು. ಅವರೇ ಒಂದು ಔಷಧಿ ಕಂಪನಿ ಜೊತೆ ಸೇರಿ ತಯಾರಿಸಿದ ಕ್ಷಯದ ಮಾತ್ರೆ 2009ರಲ್ಲಿ ಮಾರುಕಟ್ಟೆಗೂ ಬಂತು. ಅದರಲ್ಲಿ ರಿಫಾಂಪಿಸಿನ್ 200 ಮಿಲಿಗ್ರಾಂ, ಐಸೋನಿಯಾಜಿಡ್ 300 ಮಿಲಿಗ್ರಾಂ, ಪೈಪರಿನ್ 10 ಮಿಲಿಗ್ರಾಂ. ಮಾಮೂಲಿಯಾಗಿ ರಿಫಾಂಪಿಸಿನ್ 450 ಮಿಲಿಗ್ರಾಂ ಕೊಡುತ್ತಾರೆ. ಪೈಪರಿನ್ ಇದ್ದರೆ ಔಷಧಿ ರಕ್ತಕ್ಕೆ ಚೆನ್ನಾಗಿ ಸೇರುವುದರಿಂದ ಕಮ್ಮಿ ಸಾಕು ಅನ್ನುವುದು ಅವರ ಲೆಕ್ಕ. ಇಲ್ಲಿ ಪೈಪರಿನ್ ಸಹಾಯ ಮಾಡಿದ್ದು ನಮ್ಮ ಹೊಟ್ಟೆ, ಲಿವರಿನ ಮಟ್ಟದಲ್ಲಿ, ಬ್ಯಾಕ್ಟೀರಿಯಾದ ಪಂಪಿನಲ್ಲಿ ಅಲ್ಲ. ಎರಡೂ ಬೇರೆ ಬೇರೆ. ಇದನ್ನು ಓದಿ ಕ್ಷಯದ ರೋಗಿಗಳು ಯಾರೂ ತಾವೇ ಮಾತ್ರೆ ಕಮ್ಮಿ ಮಾಡಿ ಮೆಣಸು ತಿನ್ನಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಶುರುವಿಗೆ ಕೊಡುವುದು ನಾಲ್ಕು ಔಷಧಿ ಸೇರಿದ ಬೇರೆ ಮಾತ್ರೆ. ಅದನ್ನು ಹೇಳಿದ ಹಾಗೆ, ಹೇಳಿದಷ್ಟು ದಿನ ತಗೊಳ್ಳಲೇಬೇಕು.

ಇಷ್ಟೆಲ್ಲ ಗೊತ್ತಿದ್ದೂ ಮೆಡಿಕಲ್ ಶಾಪಿನಲ್ಲಿ ಇಂಥ ಜೋಡಿ ಮಾತ್ರೆ ಯಾಕೆ ಸಿಗಲ್ಲ ಅಂತ ಕೇಳುತ್ತೀರಿ. ಸರ್ಪಗಂಧಿಯ ಕಥೆ ಕೇಳಿ. ಅದರಲ್ಲಿರುವ ರೆಸರ್ಪಿನ್ ಕೂಡ ಈ ಪಂಪನ್ನು ಚೆನ್ನಾಗಿ ನಿಲ್ಲಿಸುತ್ತದೆ. ಆದರೆ ಅಷ್ಟು ಪ್ರಮಾಣ ಮನುಷ್ಯನಿಗೆ ಕೊಟ್ಟರೆ ಮನುಷ್ಯನಿಗೇ ವಿಷ. ಅದು ಮೊದಲೇ ಬಿಪಿ ಇಳಿಸುವ ಔಷಧಿ. ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಮಾತ್ರ ಇರುತ್ತದೆ, ಅದಕ್ಕೆ ಲಿವರಿಲ್ಲ, ಹೃದಯವಿಲ್ಲ. ಮೈಯೊಳಗೆ ಹಾಗಲ್ಲ. ಇನ್ನೊಂದು ತೊಡಕು ಉರಿಮೂತ್ರ ತರುವ ಈ. ಕೋಲಿಯಂಥ ಬ್ಯಾಕ್ಟೀರಿಯಾಗಳದ್ದು. ಅವುಗಳಿಗೆ ಹೊರಗಡೆ ಇನ್ನೊಂದು ಪದರ ಇದೆ, ದುರ್ಗದ ಕೋಟೆಯ ಸುತ್ತಿನ ಹಾಗೆ. ಗಿಡದ ಅಂಶಗಳಲ್ಲಿ ಬಹಳಷ್ಟು ಅಲ್ಲೇ ನಿಂತುಹೋಗುತ್ತವೆ. ಜೊತೆಗೆ, ಗಿಡ ಬೆಳೆದ ಮಣ್ಣು, ಕೊಯ್ದ ಕಾಲ ಬದಲಾದರೆ ಒಳಗಿನ ಅಂಶವೂ ಬದಲಾಗುತ್ತದೆ. ಇದು ನಾಟಿ ವೈದ್ಯರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಹೀಗೆ "ತಾನು ಕೊಲ್ಲದೆ ದಾರಿ ಮಾಡಿಕೊಡುವ" ಔಷಧಿ ಬರೀ ಕನಸೇನಲ್ಲ. ಡಾಕ್ಟರು ಬರೆಯುವ ಅಮಾಕ್ಸಿಸಿಲಿನ್-ಕ್ಲಾವುಲನಿಕ್ ಆಸಿಡ್ ಮಾತ್ರೆ ಬಹಳ ಮನೆಗಳಲ್ಲಿ ಗೊತ್ತು. ಅದರಲ್ಲಿ ಎರಡನೆಯದು ತಾನಾಗಿ ಬ್ಯಾಕ್ಟೀರಿಯಾ ಕೊಲ್ಲುವುದು ತೀರಾ ಕಮ್ಮಿ, ಅಮಾಕ್ಸಿಸಿಲಿನ್ನನ್ನು ಒಡೆದುಹಾಕುವ ಬ್ಯಾಕ್ಟೀರಿಯಾದ ಕಿಣ್ವದ ಕೈ ಕಟ್ಟುವುದೇ ಅದರ ಕೆಲಸ. ಅದು ಸಿಕ್ಕಿದ್ದು ಮಣ್ಣಿನ ಸೂಕ್ಷ್ಮಜೀವಿಯಿಂದ, 1981ರಿಂದ ಬಳಕೆಯಲ್ಲಿದೆ. ಗಿಡದಿಂದಲೂ ಇಂಥದ್ದೊಂದು ಬರುತ್ತದೆ ಅಂತ ನಾನು ಪೂರ್ತಿ ನಂಬಿದ್ದೇನೆ. ಅದು ಜೋಗಿಮಟ್ಟಿಯದ್ದೇ ಆಗಿರಲಿ ಅನ್ನುವುದು ನನ್ನ ಆಸೆ.

ಪ್ರಶ್ನೆ: ನೆಗಡಿ, ಕೆಮ್ಮಿಗೆ ಮನೆಯಲ್ಲಿ ಉಳಿದ ಅಜಿತ್ರೊಮೈಸಿನ್ ಮಾತ್ರೆ ಜೊತೆ ತುಳಸಿ, ಶುಂಠಿ ಕಷಾಯ ಕುಡಿದರೆ ಬೇಗ ವಾಸಿಯಾಗುತ್ತಾ?
(ಓದುಗರು, ಹರಿಹರ)

ಉತ್ತರ: ನೆಗಡಿ ತರುವುದು ವೈರಸ್. ಆಂಟಿಬಯೋಟಿಕ್ ಅದಕ್ಕೆ ನಾಟುವುದೇ ಇಲ್ಲ. ಕಷಾಯ ಕುಡಿಯಿರಿ, ಗಂಟಲಿಗೆ ಹಿತ. ಮಾತ್ರೆ ಮುಟ್ಟಬೇಡಿ. ಸ್ಟ್ರಿಪ್ಪಿನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ನುಂಗಬಾರದು ಅಂತ ಅರ್ಥ. 2016ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿಯೇ ಪ್ರಚಾರ ಶುರುಮಾಡಿತ್ತು. ಒಂದು ಮಾತು ಕೇಳಬೇಕು ಅನ್ನಿಸಿತು. ಮಾತ್ರೆ "ಉಳಿದದ್ದು" ಹೇಗೆ?

ಪ್ರಶ್ನೆ: ನಮ್ಮ ಹಸುವಿಗೆ ಕೆಚ್ಚಲು ಬಾವು. ಡೇರಿಯವರು ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚಿ ಅಂದರು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಎರಡೂ ಒಟ್ಟಿಗೆ ಮಾಡಬಹುದಾ?
(ಹೈನುಗಾರರು, ಚನ್ನಗಿರಿ ತಾಲ್ಲೂಕು)

ಉತ್ತರ: ಡೇರಿಯವರು ಹೇಳಿದ್ದು ಸುಮ್ನೆ ಹೇಳಿದ್ದಲ್ಲ ಅಣ್ಣ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಈ ಮದ್ದನ್ನು ಪ್ರಚಾರ ಮಾಡುತ್ತಿದೆ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ರುಬ್ಬಿದಾಗ ಅರಿಶಿನ ಸುಣ್ಣಕ್ಕೆ ಸೇರಿ ಕುಂಕುಮದ ಹಾಗೆ ಕೆಂಪಾಗುತ್ತದೆ. ಕೆಚ್ಚಲನ್ನು ತೊಳೆದು, ಹಾಲು ಪೂರ್ತಿ ಹಿಂಡಿ, ನೀರು ಬೆರೆಸಿ ತೆಳ್ಳಗೆ ಮಾಡಿ ಮೇಲಿಂದ ಹಚ್ಚಬೇಕು, ದಿನಕ್ಕೆ ಹಲವು ಸಲ. ಇದು ಚರ್ಮದ ಮೇಲೆ ಹಚ್ಚುವುದಾದ್ದರಿಂದ ಇಂಜೆಕ್ಷನ್ ಜೊತೆ ಮಾಡಬಹುದಾ ಅಂತ ನಿಮ್ಮ ಪಶುವೈದ್ಯರನ್ನು ಒಂದು ಮಾತು ಕೇಳಿ ಮುಂದುವರಿಸಿ. ಮೊಲೆತೊಟ್ಟಿನ ಒಳಗೆ ಮಾತ್ರ ಏನನ್ನೂ ತುರುಕಬೇಡಿ. ಜ್ವರ ಇದ್ದರೆ, ಹಾಲಲ್ಲಿ ರಕ್ತ ಕಂಡರೆ ಮದ್ದು ನಂಬಿಕೊಂಡು ಕೂರಬಾರದು. ಬೇಗ, ಬಾವು ಶುರುವಾದಾಗಲೇ ಹಚ್ಚಿ ಇಂಜೆಕ್ಷನ್ನೇ ಬೇಡವಾದರೆ ಅದಕ್ಕಿಂತ ಖುಷಿ ಏನಿದೆ, ಹಸುವಿಗೆ ಹಾಕಿದ ಪ್ರತಿ ಆಂಟಿಬಯೋಟಿಕ್ಕೂ ಬ್ಯಾಕ್ಟೀರಿಯಾಗಳಿಗೆ ಒಂದು ಪಾಠ ಕಲಿಸಿ ಹೋಗುತ್ತದೆ, ಆ ಬ್ಯಾಕ್ಟೀರಿಯಾ ಕೊಟ್ಟಿಗೆಯಿಂದ ಮನೆಗೆ ಬರುವುದಕ್ಕೆ ಎಷ್ಟು ದೂರ ಹೇಳಿ. ಇಂಜೆಕ್ಷನ್ ಕೊಟ್ಟ ಮೇಲೆ ಎಷ್ಟು ದಿನ ಹಾಲು ಡೇರಿಗೆ ಹಾಕಬಾರದು ಅಂತ ಡಾಕ್ಟರು ಹೇಳಿರುತ್ತಾರೆ, ನಷ್ಟ ಆದರೂ ಅದನ್ನು ಪಾಲಿಸಿ.

ಪ್ರಶ್ನೆ: ಗಿಡಮೂಲಿಕೆಗೆ ಸೈಡ್ ಎಫೆಕ್ಟ್ ಇಲ್ಲ ಅಲ್ವಾ? ನನಗೆ ಮೂರ್ಛೆ ರೋಗಕ್ಕೆ ಫೆನಿಟಾಯಿನ್ ಮಾತ್ರೆ ಇದೆ. ಮಗ ಆನ್‌ಲೈನಿನಲ್ಲಿ ಅರಿಶಿನ-ಪೈಪರಿನ್ ಕ್ಯಾಪ್ಸೂಲ್ ತರಿಸಿದ್ದಾನೆ.
(ಓದುಗರು, ಹೊಸದುರ್ಗ)

ಉತ್ತರ: ಆ ಡಬ್ಬಿ ತೆರೆಯುವ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಪೈಪರಿನ್ ಫೆನಿಟಾಯಿನ್‌ನ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಆ ಮಾತ್ರೆಯ ಡೋಸ್ ತುಂಬಾ ಸೂಕ್ಷ್ಮ, ಸ್ವಲ್ಪ ಜಾಸ್ತಿಯಾದರೂ ತಲೆ ತಿರುಗಿ ನಡೆಯುವಾಗ ಜೋಲಿ ಹೊಡೆಯುತ್ತದೆ. ಒಂದು ಔಷಧಿಗೆ ಸಹಾಯ ಮಾಡುವ ಗುಣವೇ ಇನ್ನೊಂದರ ಹತ್ತಿರ ತೊಂದರೆ ಕೊಡುವುದು. ಪರಿಣಾಮ ಇದೆ ಅಂತ ಒಪ್ಪಿದ ಮೇಲೆ ಅಡ್ಡ ಪರಿಣಾಮವೂ ಇದೆ ಅಂತ ಒಪ್ಪಲೇಬೇಕಲ್ವಾ? ರಸಂ ಮೆಣಸಿಗೆ ಭಯ ಬೇಡ, ಕ್ಯಾಪ್ಸೂಲಿನ ಮಾತು ಬೇರೆ.

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಓದುತ್ತಿದ್ದೇನೆ. ದೊಡ್ಡಪತ್ರೆ ಎಲೆಯ ರಸ ಮತ್ತು ಆಂಟಿಬಯೋಟಿಕ್ ಸೇರಿಸಿ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ರಸ ಅದ್ದಿದ ಕಾಗದದ ಬಿಲ್ಲೆಯನ್ನು (ಡಿಸ್ಕ್) ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯಲ್ಲಿ ಹಾಕಿ ನೋಡಿದೆ, ಡಿಸ್ಕಿನ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ದೊಡ್ಡ ವೃತ್ತ ಬಂತು! ಮುಂದೇನು ಮಾಡಲಿ?
(ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ತಂಗಿ, ಖುಷಿಪಡುವ ಮೊದಲು ಒಂದು ಪ್ರಶ್ನೆ. ರಸ ತೆಗೆದದ್ದು ಆಲ್ಕೋಹಾಲಿನಲ್ಲಾ? ಡಿಸ್ಕ್ ಪೂರ್ತಿ ಒಣಗಿತ್ತಾ? ಬರೀ ಆಲ್ಕೋಹಾಲ್ ಅದ್ದಿದ ಡಿಸ್ಕನ್ನೂ ಪಕ್ಕದಲ್ಲಿ ಇಟ್ಟಿದ್ದೆಯಾ? ನಮ್ಮ ಲ್ಯಾಬಿನಲ್ಲಿ ಒಂದು ವರ್ಷ ಹುಡುಗರು ಆರು ಗಿಡ ತಂದು ಹಾಕಿದರು. ಆರಕ್ಕೂ ವೃತ್ತ ಬಂತು, ಎಲ್ಲಾ ಒಂದೇ ಅಳತೆ. ನನಗೆ ಅನುಮಾನ ಬಂದಿದ್ದು ಅಲ್ಲೇ. ಬರೀ ಆಲ್ಕೋಹಾಲಿನ ಡಿಸ್ಕ್ ಹಾಕಿಸಿದೆ, ಅದಕ್ಕೂ ಅಷ್ಟೇ ವೃತ್ತ. ಮೂರು ತಿಂಗಳ ಕೆಲಸ ಮತ್ತೆ ಮೊದಲಿಂದ ಶುರುವಾಯಿತು. ಆ ಮಕ್ಕಳ ಮುಖ ಈಗಲೂ ಕಣ್ಣ ಮುಂದಿದೆ.

ದೊಡ್ಡಪತ್ರೆ ಒಳ್ಳೆಯ ಆಯ್ಕೆ. ಅದರ ಎಣ್ಣೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಇರುತ್ತವೆ. ಥೈಮಾಲ್ ಅಂದರೆ ಓಂಕಾಳಿನ ಘಾಟು ಅಂದುಕೋ. ಇವು ಬ್ಯಾಕ್ಟೀರಿಯಾದ ಪೊರೆಯನ್ನೇ ಸಡಿಲ ಮಾಡುತ್ತವೆ. ಆದರೆ ಎಣ್ಣೆ ಅಗಾರ್‌ನಲ್ಲಿ, ಅಂದರೆ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಲ್ಲಿ, ಸರಿಯಾಗಿ ಹರಡುವುದಿಲ್ಲ. ಹಾಗಾಗಿ ಡಿಸ್ಕ್ ನೋಡಿ ತೀರ್ಮಾನಕ್ಕೆ ಬರಬೇಡ. 96 ಗುಳಿಗಳ ಪ್ಲೇಟ್ ತಗೊಂಡು ಚೆಕ್ಕರ್‌ಬೋರ್ಡ್ ಮಾಡು. ಅಡ್ಡಕ್ಕೆ ಆಂಟಿಬಯೋಟಿಕ್ ಅರ್ಧರ್ಧ ಕಮ್ಮಿಯಾಗುತ್ತಾ ಹೋಗಲಿ, ಉದ್ದಕ್ಕೆ ಗಿಡದ ಅಂಶ. ಲೆಕ್ಕ ಹೀಗೆ: ಬ್ಯಾಕ್ಟೀರಿಯಾ ಬೆಳೆಯದ ಹಾಗೆ ತಡೆಯುವುದಕ್ಕೆ ಆಂಟಿಬಯೋಟಿಕ್ ಒಂದೇ ಆದರೆ 8 ಪಾಲು ಬೇಕಿತ್ತು, ಜೋಡಿಯಲ್ಲಿ 1 ಸಾಕಾಯಿತು ಅಂದುಕೋ, ಅದು 0.125. ಗಿಡದ ಅಂಶ ಒಂದೇ ಆದರೆ 64, ಜೋಡಿಯಲ್ಲಿ 16, ಅದು 0.25. ಕೂಡಿದರೆ 0.375. ಈ ಮೊತ್ತ 0.5 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಎರಡೂ ಒಂದಕ್ಕೊಂದು ನಿಜವಾಗಿ ಕೈಜೋಡಿಸಿವೆ ಅಂತ ಅರ್ಥ, ಇದಕ್ಕೇ ಸಿನರ್ಜಿ ಅನ್ನುವುದು. 4 ದಾಟಿದರೆ ಒಂದು ಇನ್ನೊಂದರ ಕಾಲು ಎಳೆಯುತ್ತಿದೆ. ನಡುವೆ ಬಂದರೆ ಸಿನರ್ಜಿ ಅಂತ ಬರೆಯಬೇಡ, ಎಷ್ಟೇ ಆಸೆಯಾದರೂ.

ಎಲೆಯ ರಸ ಹಸಿರಾಗಿರುವುದರಿಂದ ಗುಳಿ ತಿಳಿಯಾಗಿದೆಯೋ ಕದಡಿದೆಯೋ ಕಣ್ಣಿಗೆ ಗೊತ್ತಾಗಲ್ಲ. ರೆಸಜೂರಿನ್ ಬಣ್ಣ ಹಾಕು. ಬ್ಯಾಕ್ಟೀರಿಯಾ ಬದುಕಿದ್ದರೆ ನೀಲಿ ಹೋಗಿ ಗುಲಾಬಿಯಾಗುತ್ತದೆ, ಸತ್ತಿದ್ದರೆ ನೀಲಿಯಾಗೇ ಉಳಿಯುತ್ತದೆ. ಒಂದು ಪ್ಲೇಟಿನಲ್ಲಿ ಗುಲಾಬಿ ಮೆಟ್ಟಿಲಿನ ಹಾಗೆ ಇಳಿದು ನೀಲಿಗೆ ತಿರುಗುವುದನ್ನು ನೋಡುವುದೇ ಒಂದು ಹಬ್ಬ. ಎಲ್ಲವನ್ನೂ ಮೂರು ಬೇರೆ ಬೇರೆ ದಿನ ಮಾಡು. ಕಾಲೇಜು ಲ್ಯಾಬಿನಲ್ಲಿ, ಗೈಡ್ ಇದ್ದಾಗಲೇ ಮಾಡು, ಬ್ಯಾಕ್ಟೀರಿಯಾದ ಪ್ಲೇಟನ್ನು ಹಾಸ್ಟೆಲಿಗೆ ತರಬೇಡ. ಎಲೆ ಯಾರ ಹಿತ್ತಲಿನದ್ದು, ಯಾವ ತಿಂಗಳು ಕೊಯ್ದದ್ದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡು, ಒಂದು ಗಿಡವನ್ನು ಒಣಗಿಸಿ ಹಾಳೆಗೆ ಅಂಟಿಸಿಡು. ಮೊದಲ ಪ್ಲೇಟಿನಲ್ಲಿ ನೀಲಿ ಎಲ್ಲಿಯವರೆಗೆ ಬಂತು ಅಂತ ಪತ್ರಿಕೆ ವಿಳಾಸಕ್ಕೆ ಒಂದು ಫೋಟೋ ಕಳಿಸು, ಜೊತೆಗೆ ಬರೀ ಆಲ್ಕೋಹಾಲ್ ಹಾಕಿದ ಸಾಲೂ ಕಾಣುವ ಹಾಗಿರಲಿ.